ಕೊಳವೆಯಲ್ಲಿ ಸಿಕ್ಕಿದ್ದು

ಮಾವ ದೊಡ್ಡಳಿಯನನ್ನು ಹದಿನಾರು ವರ್ಷಗಳಿಂದ ‘ನೀವು’ ಎಂದೇ ಮಾತಾಡಿಸುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅದು ಮರ್ಯಾದೆ ಅನ್ನಿಸಿತ್ತು. ಅದು ಮರ್ಯಾದೆಯಲ್ಲ, ಬೇಲಿ ಎಂದು ಗೊತ್ತಾದದ್ದು ಚಿಕ್ಕಳಿಯ ಬಂದ ಮೇಲೆ. ಚಿಕ್ಕಳಿಯ ಕೆಲಸಕ್ಕೆ ಸೇರಿದ ಮೂರನೆಯ ದಿನವೇ ಮಾವ ಅವನ ಬೆನ್ನಿಗೊಂದು ಗುದ್ದಿ, “ನೀನು ಬಾರೋ ಇಲ್ಲಿ, ಈ ಮೆದುಗೊಳವೆ ಹಿಡ್ಕೋ,” ಎಂದಿದ್ದರು. ದೊಡ್ಡಳಿಯ ಆಗ ಎರಡು ಮಾರು ದೂರದಲ್ಲಿ ನಿಂತು ದೂಳು ಎಳೆಯುವ ಯಂತ್ರದ ಚೀಲ ಒದರುತ್ತಿದ್ದ. ಆ ಮಾತು ಅವನೊಳಗೆ ಇಳಿದು ಕೂತಿತು. ಕೂತದ್ದು ಏಳಲಿಲ್ಲ.

ಕೂರುವುದರ ಬಗ್ಗೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರ, ಮಾಡುತ್ತಿದ್ದದ್ದು ದೂಳಿನ ಕೆಲಸ. ಹೆದ್ದಾರಿಯ ಅಂಚಿನ ಮನೆಗಳಲ್ಲಿ ಕಿಟಕಿ ತೆರೆಯುವಂತಿಲ್ಲ. ಗೋಡೆಯೊಳಗೆ, ನೆಲದಡಿಯಲ್ಲಿ, ಛಾವಣಿಯ ಮೇಲೆ ಓಡುವ ತಗಡಿನ ಕೊಳವೆಗಳೇ ಕೋಣೆಕೋಣೆಗೆ ಗಾಳಿ ಒಯ್ಯಬೇಕು. ಗಾಳಿಯ ಜೊತೆಗೆ ಲಾರಿಯ ಹೊಗೆ ಬರುತ್ತದೆ, ಟೈರಿನ ರಬ್ಬರು ಬರುತ್ತದೆ, ಬ್ರೇಕು ಸವೆದ ಲೋಹದ ಪುಡಿ ಬರುತ್ತದೆ. ಒಂದೊಂದು ಕಣ ತಲೆಗೂದಲಿನ ಮೂವತ್ತರಲ್ಲೊಂದು ಪಾಲು. ಬರುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಏಳೆಂಟು ವರ್ಷ ಬಿಟ್ಟು ಕೊಳವೆ ಬಿಚ್ಚಿ ನೋಡಿದರೆ ಒಳಗೋಡೆಗೆಲ್ಲ ಕಪ್ಪು ಮಖಮಲ್ಲು ಹೊದಿಸಿದಂತೆ ಇರುತ್ತದೆ.

ಮಾವನ ಅಂಗಡಿಯಲ್ಲಿ ಎರಡು ವ್ಯಾನು, ದೂಳು ಎಳೆಯುವ ಒಂದು ದೊಡ್ಡ ಯಂತ್ರ, ಇಬ್ಬರು ಅಳಿಯಂದಿರು. ಯಂತ್ರವನ್ನು ಮುಖ್ಯ ಕೊಳವೆಗೆ ಜೋಡಿಸಿ ಗಾಳಿಯನ್ನು ಹೊರಕ್ಕೆಳೆಯುತ್ತ, ಇನ್ನೊಂದು ತುದಿಯಿಂದ ತಿರುಗುವ ಬ್ರಷ್ಷು ನೂಕುತ್ತ ಬರುವುದು ಕೆಲಸದ ಕ್ರಮ. ಇದನ್ನು ಕಸುಬಿನಿಂದ ವಿದ್ಯೆಯ ಮಟ್ಟಕ್ಕೆ ಎತ್ತಿದವನು ತಾನು ಎಂದು ದೊಡ್ಡಳಿಯ ನಂಬಿದ್ದ. ನಂಬಿಕೆ ಸುಳ್ಳೂ ಆಗಿರಲಿಲ್ಲ. ಒಳಗೆ ಕ್ಯಾಮೆರಾ ಬಿಟ್ಟು ನೋಡುವುದನ್ನು ತಂದವನು ಅವನು. ಬಿಚ್ಚಿದ ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸುತ್ತಿದ್ದ. ಪ್ರತಿ ಮನೆಯ ದೂಳನ್ನು ತೂಗುತ್ತಿದ್ದ. ಕೊಳವೆಯ ಕಿಂಡಿಗೆ ಬೆಳ್ಳಿಟೇಪು ಹಚ್ಚುವಾಗ ತುದಿಯನ್ನು ಅರ್ಧ ಬೆರಳಿನಷ್ಟು ಒಳಕ್ಕೆ ಮಡಚುತ್ತಿದ್ದ, ಐದು ವರ್ಷ ಬಿಟ್ಟು ಬಿಚ್ಚಲು ಬರುವವನು ಉಗುರು ಕಿತ್ತುಕೊಳ್ಳಬಾರದೆಂದು. ಹೊರಡುವ ಮುಂಚೆ ಬಿಳಿ ಕೈವಸ್ತ್ರದಿಂದ ಗಾಳಿ ಬರುವ ಪ್ರತಿ ಜಾಲರಿಯನ್ನೂ ಒರೆಸಿ ಮನೆಯವರಿಗೆ ತೋರಿಸುತ್ತಿದ್ದ. ಇಷ್ಟರಲ್ಲಿ ಒಂದನ್ನಾದರೂ ಮಾವ ನೋಡಿದ್ದೇನೆ ಎಂದು ಬಾಯಿಬಿಟ್ಟು ಹೇಳಿದ್ದಿಲ್ಲ.

ಚಿಕ್ಕಳಿಯ ಹಿಂದೆ ಪಾದರಕ್ಷೆ ಅಂಗಡಿಯಲ್ಲಿದ್ದವನು. ಟೇಪನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದ, ಸುಕ್ಕುಸುಕ್ಕಾಗಿ ಬಡಿದು ಅಂಟಿಸುತ್ತಿದ್ದ, ತಿರುಪುಗಳನ್ನು ಜೇಬಿಗೆ ಸುರಿದುಕೊಳ್ಳುತ್ತಿದ್ದ. ಮನೆಯ ಮಕ್ಕಳಿಗೆ ಮೆದುಗೊಳವೆ ತೋರಿಸಿ, ಗೋಡೆಯೊಳಗೆ ಆನೆ ಸಿಕ್ಕಿಹಾಕಿಕೊಂಡಿದೆ, ಇದು ಅದರ ಸೊಂಡಿಲು, ಗಲಾಟೆ ಮಾಡಿದರೆ ಸೀನುತ್ತದೆ ಎನ್ನುತ್ತಿದ್ದ. ಗಿರಾಕಿಗಳು ಫೋನು ಮಾಡಿ ಆ ನಗಿಸುವವರನ್ನೇ ಕಳಿಸಿ ಎನ್ನುತ್ತಿದ್ದರು. ಒಬ್ಬಾಕೆ ದೊಡ್ಡಳಿಯನ ವಿಷಯದಲ್ಲಿ ಇನ್ನೂ ಸ್ವಲ್ಪ ಮುಂದೆ ಹೋಗಿದ್ದಳು. ಆಕೆಯ ಮಾತನ್ನು ಮಾವ ಊಟಕ್ಕೆ ಕೂತಾಗ ಎಲ್ಲರಿಗೂ ಒಪ್ಪಿಸಿದರು: “ಕೆಲಸ ಚೆನ್ನಾಗೇ ಮಾಡ್ತಾರಂತೆ. ಆದ್ರೆ ಅವರು ಬಂದು ಹೋದ ಮೇಲೆ ಮನೇಲಿ ಯಾರೋ ತೀರ್ಕೊಂಡ ಹಾಗಿರುತ್ತಂತೆ.”

ಎಲ್ಲರೂ ನಕ್ಕರು. ದೊಡ್ಡಳಿಯನ ಹೆಂಡತಿಯೂ ನಕ್ಕಳು. ನಗದಿದ್ದವನು ಚಿಕ್ಕಳಿಯ ಒಬ್ಬನೇ. “ಅಣ್ಣನ ಹಾಗೆ ಮಾಡೋಕೆ ನಮಗೆ ಏಳು ಜನ್ಮ ಬೇಕು ಮಾವ,” ಎಂದ. ಆ ಕರುಣೆ ದೊಡ್ಡಳಿಯನಿಗೆ ನಗುವಿಗಿಂತ ಹೆಚ್ಚು ಉರಿಯಿತು.

ಮೂವತ್ತೈದು ವರ್ಷ ಮಂದಿಯ ದೂಳು ಕುಡಿದ ಮಾವನ ಎದೆ ಈಗ ಮೆಟ್ಟಿಲು ಹತ್ತಿದರೆ ಸಿಳ್ಳೆ ಹೊಡೆಯುತ್ತಿತ್ತು. ವೈದ್ಯರು ಸಾಕು ಎಂದಿದ್ದರು. ಹೆದ್ದಾರಿಯ ಪಕ್ಕದ ಸಾಲಿನಲ್ಲಿ ನಲವತ್ತೆರಡು ಮನೆಗಳ ಕೆಲಸ ಅಂಗಡಿಗೆ ಒಟ್ಟಿಗೆ ಬಂದಿತ್ತು. ಮುಂದಿನ ಭಾನುವಾರ ಅಂಗಡಿಯ ಬೀಗದ ಕೈಯ ವಿಷಯ ಮಾತಾಡೋಣ ಎಂದು ಮಾವ ಹೇಳಿದ್ದರು. ಯಾರಿಗೆ ಎಂದು ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೇನಿತ್ತು?

“ಅಪ್ಪ ಯೋಚನೆ ಮಾಡದೆ ಏನೂ ಮಾಡಲ್ಲ. ನೀವು ಸುಮ್ಮನೆ ಹೊಟ್ಟೆ ಉರಿಸ್ಕೋಬೇಡಿ,” ಎಂದಳು ಹೆಂಡತಿ.

ಇದು ಹೊಟ್ಟೆಯುರಿಯಲ್ಲ, ನ್ಯಾಯದ ಮಾತು ಎಂದು ಅವನು ಅವಳಿಗೆ ಅರ್ಧ ಗಂಟೆ ವಿವರಿಸಿದ. ಅವಳು ಕೇಳುತ್ತಲೇ ನಿದ್ದೆಹೋದಳು.

ಮಂಗಳವಾರ ಅವನು ಸಾಲಿನ ಹತ್ತೊಂಬತ್ತನೆಯ ಮನೆಯ ಕೊಳವೆ ನೋಡಲು ಹೋದ. ಅಂಗಡಿಯ ಪದ್ಧತಿ ಹೀಗಿತ್ತು: ಒಬ್ಬ ಮೊದಲು ಹೋಗಿ ಕ್ಯಾಮೆರಾ ಬಿಟ್ಟು ಕೊಳೆಯನ್ನು ಚಿತ್ರೀಕರಿಸುತ್ತಾನೆ. ಎರಡು ದಿನದ ಮೇಲೆ ಇನ್ನೊಬ್ಬ ಹೋಗಿ ಸ್ವಚ್ಛ ಮಾಡಿ, ಕೊನೆಯಲ್ಲಿ ಮತ್ತೆ ಚಿತ್ರ ತೆಗೆಯುತ್ತಾನೆ. ಹೀಗೆ ಮಾಡಿದರೆ ಯಾರೂ ತಮ್ಮ ಕೆಲಸವನ್ನು ತಾವೇ ಹೊಗಳಿಕೊಳ್ಳುವಂತಿಲ್ಲ. ಈ ಪದ್ಧತಿ ಮಾಡಿದವನೂ ದೊಡ್ಡಳಿಯನೇ.

ಆ ಮನೆಯಲ್ಲಿ ಒಬ್ಬ ಹೊಲಿಗೆಯಾಕೆ ಒಂಟಿಯಾಗಿದ್ದಳು. ಮುಂಗೋಣೆಯ ಕಿಟಕಿಯ ಗಾಜು ಲಾರಿ ಹೋದಾಗಲೆಲ್ಲ ನಡುಗುತ್ತಿತ್ತು, ಅವಳ ಹೊಲಿಗೆ ಯಂತ್ರ ಅದಕ್ಕೆ ತಾಳ ಹಾಕುತ್ತಿತ್ತು. ಅವನು ಮಲಗುವ ಕೋಣೆಯ ನೆಲದ ಜಾಲರಿ ಎತ್ತಿ, ಮೊಣಕಾಲೂರಿ ಕ್ಯಾಮೆರಾದ ತಂತಿಯನ್ನು ಒಳಗೆ ಬಿಟ್ಟ. ಎರಡು ಮೊಳ ಹೋದ ಮೇಲೆ ಕೊಳವೆ ಬಾಗುತ್ತಿತ್ತು. ಬಾಗಿನಲ್ಲಿ ಏನೋ ಮಿನುಗಿತು. ಮಸಿಯಲ್ಲಿ ಅರ್ಧ ಹೂತುಹೋದ ಚಿನ್ನದ ಉಂಗುರ. ನಡುವೆ ಸಣ್ಣದೊಂದು ಕೆಂಪು ಹರಳು. ಮೇಲೆ ಕೂತ ಮಸಿಯ ದಪ್ಪ ನೋಡಿದರೆ ಎಂಟೊಂಬತ್ತು ವರ್ಷ ಹಿಂದೆ ಜಾರಿ ಬಿದ್ದಿರಬೇಕು.

ಕರೆದು ಹೇಳೋಣವೆಂದು ಅವನು ಬಾಯಿ ತೆರೆದದ್ದು ನಿಜ. ಅದಕ್ಕೆ ಮುಂಚೆ ಮುಂಗೋಣೆಯ ಹೊಲಿಗೆ ಯಂತ್ರ ನಿಂತಿತು.

“ಗುರುವಾರ ಬರೋದು ಆ ನಗಿಸೋರು ತಾನೆ?” ಎಂದು ಆಕೆ ಅಲ್ಲಿಂದಲೇ ಕೇಳಿದಳು. “ಪಕ್ಕದ ಮನೆಯವರು ಹೇಳಿದ್ರು. ಅವರೇ ಬರಲಿ, ಆಯ್ತಾ?”

ಅವನು ಬಾಯಿ ಮುಚ್ಚಿದ. ಅವರೇ ಬರುತ್ತಾರೆ ಎಂದು ಹೇಳುವಷ್ಟು ಹೊತ್ತಿನಲ್ಲಿ ಇಡೀ ಯೋಜನೆ ಅವನ ತಲೆಯಲ್ಲಿ ಹರಳುಗಟ್ಟಿತು. ಗಾಢ ದ್ರಾವಣಕ್ಕೆ ಒಂದು ಚೂರು ಬಿದ್ದರೆ ಸಾಕು, ಉಳಿದದ್ದೆಲ್ಲ ತಾನಾಗಿ ಹರಳಾಗುತ್ತದೆ.

ಮಾವನ ಬದುಕಿನಲ್ಲಿ ಕ್ಷಮೆಯಿಲ್ಲದ ತಪ್ಪು ಒಂದೇ ಒಂದು. ಕೊಳವೆಗಳಲ್ಲಿ ಏನೇನೋ ಸಿಗುತ್ತದೆ: ಗುಂಡಿ, ಆಟದ ಕಾರಿನ ಚಕ್ರ, ಮಗುವಿನ ಹಲ್ಲು, ಒಮ್ಮೆ ಯಾರೋ ಯಾರಿಗೋ ಬರೆದು ಕಳಿಸದ ಪತ್ರ. ಸಿಕ್ಕಿದ್ದು ಮನೆಯವರದು. ಅದನ್ನು ಮನೆಯವರ ಅಂಗೈಯಲ್ಲಿಟ್ಟು ಚೀಟಿಗೆ ರುಜು ಹಾಕಿಸಿಕೊಳ್ಳಬೇಕು. ಹಿಂದೆ ಒಂದು ಬೆಳ್ಳಿ ಗುಂಡಿಯನ್ನು ಜೇಬಿಗಿಳಿಸಿದ್ದಕ್ಕೆ ಮಾವ ತಮ್ಮ ಸ್ವಂತ ತಮ್ಮನನ್ನೇ ಹೊರಗೆ ಹಾಕಿದ್ದರು. ಇಬ್ಬರೂ ಇವತ್ತಿಗೂ ಒಂದೇ ಬೀದಿಯಲ್ಲಿದ್ದಾರೆ. ಎದುರಾದರೆ ಒಬ್ಬರು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ.

ಅವನು ಉಂಗುರವನ್ನು ಸ್ಪಷ್ಟವಾಗಿ, ಆದರೆ ಗಮನಿಸದವನಂತೆ, ಮೂರು ಸೆಕೆಂಡು ಚಿತ್ರದಲ್ಲಿ ಹಿಡಿದ. ಚಿತ್ರ ನಿಲ್ಲಿಸಿದ. ಉದ್ದ ಕಡ್ಡಿಯ ತುದಿಗೆ ಅಂಟು ಹಚ್ಚಿ ಉಂಗುರವನ್ನು ಮೇಲಕ್ಕೆಳೆದು ಕೈಗವಸಿನ ಬೆರಳಿನೊಳಗೆ ಇಳಿಸಿದ. ಉಂಗುರವಿದ್ದ ಜಾಗದಲ್ಲಿ ಮಸಿಯ ನಡುವೆ ಗುಂಡಗಿನ ಗುರುತು ಉಳಿಯಿತು. ಗುರುವಾರದ ಬ್ರಷ್ಷು ಅದನ್ನು ನೋಡಿಕೊಳ್ಳುತ್ತದೆ.

ಎರಡು ದಿನ ಅವನು ತನ್ನ ಯೋಜನೆಯನ್ನು ಪ್ರಯೋಗಶಾಲೆಯಲ್ಲಿ ಮಾಡುವಂತೆ ತಾನೇ ಒಡೆಯಲು ನೋಡಿದ. ಚಿತ್ರದಲ್ಲಿ ಉಂಗುರ ಕಂಡರೆ ಮಂಗಳವಾರವೇ ಯಾಕೆ ಹೇಳಲಿಲ್ಲ? ಆ ಮನೆಯಲ್ಲಿದ್ದದ್ದು ಅಂಗೈಯಗಲದ ಪರದೆ, ಕಿಟಕಿಯ ಬಿಸಿಲು ಅದರ ಮೇಲಿತ್ತು. ಅಂಗಡಿಯ ದೊಡ್ಡ ಪರದೆಯಲ್ಲಿ ನೋಡಿದಾಗಲೇ ಕಂಡಿತು. ಯಂತ್ರ ಉಂಗುರವನ್ನು ಎಳೆದುಕೊಂಡು ಚೀಲಕ್ಕೆ ಹಾಕಿರಬಹುದಲ್ಲ? ಸಾಧ್ಯವಿಲ್ಲ. ಚೀಲಕ್ಕೆ ಮುಂಚೆ ತಂತಿಯ ಜರಡಿ ಇದೆ. ಗಟ್ಟಿ ವಸ್ತು ಏನೇ ಬಂದರೂ ಅಲ್ಲಿ ನಿಲ್ಲುತ್ತದೆ, ಕೆಲಸ ಮಾಡಿದವನೇ ಅದನ್ನು ಕೈಯಾರೆ ಬರಿದುಮಾಡಬೇಕು. ಅಂದರೆ ಕಾಣಲಿಲ್ಲ ಎಂದು ಹೇಳಲು ಚಿಕ್ಕಳಿಯನಿಗೆ ದಾರಿಯೇ ಇಲ್ಲ. ಇಷ್ಟಾದ ಮೇಲೆ ವಸ್ತು ಅವನ ಬಳಿಯೇ ಸಿಕ್ಕರೆ ಪೊಲೀಸರವರೆಗೆ ಹೋಗುವ ಅಗತ್ಯವೂ ಬೀಳದು. ಮಾವನೇ ನ್ಯಾಯಾಲಯ, ಮಾವನೇ ಸೆರೆಮನೆ.

ಗುರುವಾರ ಚಿಕ್ಕಳಿಯ ಹತ್ತೊಂಬತ್ತನೆಯ ಮನೆ ಸ್ವಚ್ಛ ಮಾಡಿ ಬಂದ. ಜರಡಿಯಲ್ಲಿ ಸಿಕ್ಕ ಒಂದು ತಲೆಪಿನ್ನು, ಒಂದು ನೀಲಿ ಮಣಿ ಕೊಟ್ಟು ಚೀಟಿಗೆ ರುಜು ಹಾಕಿಸಿಕೊಂಡಿದ್ದ. ದೊಡ್ಡಳಿಯನಿಗೆ ಆ ಚೀಟಿ ನೋಡಿ ಖುಷಿಯಾಯಿತು. ತಲೆಪಿನ್ನು ಕೊಟ್ಟು ಉಂಗುರ ಇಟ್ಟುಕೊಂಡವನು ಬರೀ ಕಳ್ಳನಲ್ಲ, ಲೆಕ್ಕಾಚಾರದ ಕಳ್ಳ. ಹೊಲಿಗೆಯಾಕೆ ಅವನ ಮಾತಿಗೆ ನಕ್ಕು ನಕ್ಕು ಸೂಜಿ ಚುಚ್ಚಿಕೊಂಡಳಂತೆ. ಅದನ್ನೂ ಮಾವನೇ ಹೇಳಿದರು.

ಶುಕ್ರವಾರ ಮಧ್ಯಾಹ್ನ ಅಂಗಡಿಯ ಒಳಕೋಣೆಯಲ್ಲಿ ಮಾವ ಮತ್ತು ಚಿಕ್ಕಳಿಯ ಊಟಕ್ಕೆ ಕೂತಿದ್ದರು. ದೊಡ್ಡಳಿಯ ಬೇಗ ಕೈತೊಳೆದು ಹೊರಗೆ ಬಂದ. ಚಿಕ್ಕಳಿಯನ ವ್ಯಾನಿನ ಹಿಂಬಾಗಿಲು ಎಂದಿನಂತೆ ತೆರೆದೇ ಇತ್ತು. ಅವನ ಬ್ರಷ್ಷುಗಳ ತಗಡಿನ ಪೆಟ್ಟಿಗೆಯ ಮುಚ್ಚಳಕ್ಕೆ ಒಳಗಡೆ ತುಕ್ಕು ತಿಂದು ಎರಡು ತೂತುಗಳಾಗಿದ್ದವು. ಎರಡಕ್ಕೂ ಚಿಕ್ಕಳಿಯ ಬೆಳ್ಳಿಟೇಪಿನ ತೇಪೆ ಹಾಕಿಕೊಂಡಿದ್ದ. ಎರಡು ತೇಪೆ ಇರುವ ಕಡೆ ಮೂರನೆಯದು ಯಾರ ಕಣ್ಣಿಗೂ ಬೀಳದು, ಹುಡುಕಲೇಬೇಕೆಂದು ಕೂತವರ ಕಣ್ಣಿಗೆ ಬಿಟ್ಟು.

ಅವನು ಕೈಗವಸು ತೊಟ್ಟಿದ್ದ. ತನ್ನ ಟೇಪು ಮುಟ್ಟಲಿಲ್ಲ. ಅದು ದಪ್ಪ, ಬೇರೆ ಬಗೆಯದು. ಚಿಕ್ಕಳಿಯನ ತೆಳು ಸುರುಳಿಯಿಂದಲೇ ಒಂದು ಗೇಣು ಎಳೆದ. ಕತ್ತರಿ ಜೇಬಿನಲ್ಲೇ ಇದ್ದರೂ ತೆಗೆಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದ. ನಾಲಿಗೆಗೆ ತಗಡಿನ ರುಚಿ ಹತ್ತಿತು. ಉಂಗುರವನ್ನು ಮುಚ್ಚಳದ ಮೂಲೆಯಲ್ಲಿಟ್ಟು ಪಟ್ಟಿಯನ್ನು ಬೇಕೆಂದೇ ಓರೆಯಾಗಿ ಹಿಡಿದು, ಅಲ್ಲಲ್ಲಿ ಸುಕ್ಕು ಬರುವಂತೆ ಒತ್ತಿದ. ಆ ಸುಕ್ಕು ನೋಡಿ ಅವನಿಗೆ ನಿಜವಾಗಿಯೂ ಮನಸ್ಸು ನೊಂದಿತು. ಪಕ್ಕದ ತೇಪೆಗಳ ಬಣ್ಣ ಬರಲೆಂದು ಹೆಬ್ಬೆರಳಿನಲ್ಲಿ ಒಂದಿಷ್ಟು ಮಸಿ ಸವರಿದ.

ಪಟ್ಟಿಯ ಕೊನೆಯ ಎರಡು ಬೆರಳಿನಷ್ಟು ಉಳಿದಿತ್ತು. ಅಷ್ಟರಲ್ಲಿ ಒಳಗಿನಿಂದ ಚಿಕ್ಕಳಿಯನ ದನಿ, ಅದರ ಹಿಂದೆಯೇ ಮಾವನ ನಗು ಕೇಳಿತು. ಎದೆಯ ಸಿಳ್ಳೆಯನ್ನೂ ಮೀರಿ, ಕೆಮ್ಮಿ, ಮೇಜು ಗುದ್ದಿ ನಗುವ ನಗು. “ಸಾಕು ಬಿಡೋ ಮಾರಾಯ, ನನ್ನ ಕೊಂದುಬಿಡ್ತೀಯ ನೀನು,” ಎಂದರು ಮಾವ. ದೊಡ್ಡಳಿಯ ಕಣ್ಣು ಮುಚ್ಚಿಕೊಂಡು ನಿಂತ. ತನ್ನ ಮಾತಿಗೆ ಮಾವ ಎಂದಾದರೂ ಹೀಗೆ ನಕ್ಕಿದ್ದುಂಟೇ ಎಂದು ಹದಿನಾರು ವರ್ಷಗಳನ್ನು ಒಂದೊಂದಾಗಿ ತಡವಿ ನೋಡಿದ. ಒಂದೂ ಸಿಗಲಿಲ್ಲ. ಕಣ್ಣು ತೆರೆಯುವಷ್ಟರಲ್ಲಿ ಕೈ ತನ್ನ ಕೆಲಸವನ್ನು ತಾನೇ ಮುಗಿಸಿ ಟೇಪಿನ ಸುರುಳಿಯನ್ನು ಇದ್ದಲ್ಲೇ ಇಟ್ಟಿತ್ತು. ಅವನು ಪೆಟ್ಟಿಗೆ ಮುಚ್ಚಿದ.

ಭಾನುವಾರ ಬೆಳಿಗ್ಗೆ ಮಾವ ಅಂಗಡಿಯ ಮೇಜಿನ ಮುಂದೆ ಕೂತಿದ್ದರು. ಮೇಜಿನ ಮೇಲೆ ಬೀಗದ ಕೈಗಳು ಎರಡಿದ್ದವು. ಒಂದು ಹಳೆಯದು, ಇನ್ನೊಂದು ಹೊಸದಾಗಿ ಕೊರೆಸಿದ್ದು. ಅದರ ಹಿತ್ತಾಳೆ ಇನ್ನೂ ಹೊಳೆಯುತ್ತಿತ್ತು. ಚಿಕ್ಕಳಿಯ ಒಂದನ್ನು ಕಳೆದುಹಾಕುತ್ತಾನೆಂದು ಗೊತ್ತಿದ್ದೇ ಎರಡು ಮಾಡಿಸಿದ್ದಾರೆ ಅಂದುಕೊಂಡ ದೊಡ್ಡಳಿಯ. ಆಮೇಲೆ, ಬೇಡದ ಕೆಲಸ ಮೈಮೇಲೆ ಬಿದ್ದವನಂತೆ ಮುಖ ಮಾಡಿಕೊಂಡು, ಹತ್ತೊಂಬತ್ತನೆಯ ಮನೆಯ ಎರಡು ಚಿತ್ರಗಳನ್ನೂ ದೊಡ್ಡ ಪರದೆಯ ಮೇಲೆ ಹಾಕಿದ. ಮಂಗಳವಾರದ ಬಾಗಿನಲ್ಲಿ ಕೆಂಪು ಹರಳು ಮಿನುಗಿತು. ಗುರುವಾರದ ಬಾಗಿನಲ್ಲಿ ತಗಡು ಬರಿದಾಗಿ ಹೊಳೆಯಿತು.

ಮಾವ ಎರಡನ್ನೂ ಮತ್ತೊಮ್ಮೆ ಹಾಕಿಸಿ ನೋಡಿದರು. ಹೊಲಿಗೆಯಾಕೆಗೆ ಫೋನು ಮಾಡಿ, ಯಾವಾಗಲಾದರೂ ಉಂಗುರ ಕಳೆದುಕೊಂಡಿದ್ದಿರಾ ಎಂದು ಕೇಳಿದರು. ಆ ಕಡೆಯಿಂದ ಆಕೆಯ ಅಳು ಕೇಳಿಸಿತು. ತೀರಿಹೋದ ಗಂಡ ಕೊಟ್ಟದ್ದು, ಒಂಬತ್ತು ವರ್ಷದಿಂದ ಮನೆಯೆಲ್ಲ ಹುಡುಕಿದ್ದೇನೆ ಎಂದಳು.

ಚಿಕ್ಕಳಿಯನನ್ನು ಕರೆಸಲಾಯಿತು. ಮೊದಲು ಅವನು ತಮಾಷೆ ಎಂದೇ ತಿಳಿದ. “ಉಂಗುರ ಸಿಕ್ಕಿದ್ರೆ ನನ್ನ ಹೆಂಡತಿ ನನ್ನನ್ನ ದಿನಾ ಹೀಗೆ ಬೈತಿದ್ಲಾ ಮಾವ?” ಎಂದ. ಮಾವ ನಗಲಿಲ್ಲ. ಅವನ ಮುಖದಿಂದ ನಗು ಇಳಿದುಹೋದದ್ದನ್ನು ದೊಡ್ಡಳಿಯ ಮೊದಲ ಸಲ ನೋಡಿದ. ನಗುವಿಲ್ಲದೆ ಅದು ಬಹಳ ಸಾಧಾರಣ ಮುಖ.

“ಜರಡಿಯಲ್ಲಿ ಪಿನ್ನು, ಮಣಿ ಎರಡೇ ಇದ್ದದ್ದು. ನನ್ನ ಮಗಳಾಣೆ.”

“ಮಗುವಿನ ಆಣೆ ಯಾಕೆ?” ಎಂದ ದೊಡ್ಡಳಿಯ ಮೆಲ್ಲಗೆ. “ಇಲ್ಲಿಗೇ ಬಿಟ್ಟುಬಿಡೋಣ ಮಾವ. ಮನೆ ಮಂದಿಯನ್ನ ತಡಕೋದು ಚೆನ್ನಾಗಿರಲ್ಲ.”

ಬಿಡೋಣ ಎಂದರೆ ಮಾವ ಬಿಡುವವರಲ್ಲ ಎಂಬುದೂ ಯೋಜನೆಯ ಒಂದು ಭಾಗವಾಗಿತ್ತು. ಮಾವ ಎದ್ದರು. ವ್ಯಾನಿನ ಆಸನಗಳ ಕೆಳಗೆ ನೋಡಿದರು, ಯಂತ್ರದ ಚೀಲ ಸುರಿದು ನೋಡಿದರು, ಕೊನೆಗೆ ಬ್ರಷ್ಷಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆರೆದರು. ಬ್ರಷ್ಷುಗಳನ್ನು ಒಂದೊಂದಾಗಿ ಹೊರಗಿಟ್ಟ ಮೇಲೆ ಅವರ ಬೆರಳು ಮುಚ್ಚಳದ ಒಳಮೈಯನ್ನು ಸವರುತ್ತ ಹೋಯಿತು.

“ತೇಪೆ ಎರಡೇ ಇದ್ದದ್ದು,” ಎಂದ ಚಿಕ್ಕಳಿಯ. “ಮೂರನೇದು ನಾನು ಹಾಕಿದ್ದಲ್ಲ.”

ಸಿಕ್ಕಿಬಿದ್ದವರೆಲ್ಲ ಹೀಗೆಯೇ ಹೇಳುವುದು. ದೊಡ್ಡಳಿಯ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡ, ನೋಡಲಾರದವನಂತೆ. ಹೊರಗೆ ಲಾರಿಗಳು ಹೋಗುತ್ತಿದ್ದವು. ಅವನಿಗೆ ಎಷ್ಟೋ ದಿನಗಳ ಮೇಲೆ ಉಸಿರು ಹಗುರವಾಗಿ ಬಂತು.

ಮಾವ ಮೊದಲನೆಯ ತೇಪೆಗೆ ಉಗುರು ಹಾಕಿದರು. ಅಂಚು ತಗಡಿಗೆ ಕಚ್ಚಿಕೊಂಡಿತ್ತು. ಕೆರೆದು ಕೆರೆದು ಚೂರುಚೂರಾಗಿ ಕಿತ್ತರು. ಕೆಳಗೆ ತುಕ್ಕಿನ ತೂತು. ಎರಡನೆಯದೂ ಹಾಗೆಯೇ ಸತಾಯಿಸಿತು, ಅವರ ಹೆಬ್ಬೆರಳಿನ ಉಗುರು ಸೀಳಿ ರಕ್ತ ಜಿನುಗಿತು. ಕೆಳಗೆ ಇನ್ನೊಂದು ತೂತು.

ಮೂರನೆಯದಕ್ಕೆ ಉಗುರೇ ಬೇಕಾಗಲಿಲ್ಲ. ಹಿಡಿದೆಳೆದರೆ ಒಂದೇ ಪಟ್ಟಿಯಾಗಿ ಎದ್ದು ಬಂತು, ಉಂಗುರ ಮೇಜಿನ ಮೇಲೆ ಬಿದ್ದು ಉರುಳಿ ಬೀಗದ ಕೈಗಳಿಗೆ ತಗುಲಿ ನಿಂತಿತು. ಮಾವ ಉಂಗುರದ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಪಟ್ಟಿಯನ್ನು ಬೆಳಕಿಗೆ ಹಿಡಿದರು. ಒಂದು ಕೊನೆ ಹಲ್ಲಿನಲ್ಲಿ ಕಚ್ಚಿ ಹರಿದದ್ದು. ಇನ್ನೊಂದು ಕೊನೆ ಅರ್ಧ ಬೆರಳಿನಷ್ಟು ಒಳಕ್ಕೆ ಮಡಚಿ, ನೀಟಾಗಿ ಒತ್ತಿದ್ದು. ಅವರು ಬಹಳ ಹೊತ್ತು ಅದನ್ನೇ ನೋಡಿದರು, ಆಮೇಲೆ ದೊಡ್ಡಳಿಯನ ಕಡೆಗೆ ಚಾಚಿದರು. “ಹದಿನಾರು ವರ್ಷದಿಂದ ನೋಡ್ತಾನೇ ಇದೀನಿ,” ಎಂದರು ಮಾವ, ಅವನು ಎಂದೂ ಕೇಳದಿದ್ದ ಮೆತ್ತಗಿನ ದನಿಯಲ್ಲಿ. “ಮುಂದೆ ಬಿಚ್ಚೋನ ಬೆರಳಿಗೆ ಸಿಗಲಿ ಅಂತ ತುದಿ ಮಡಚೋನು ಈ ಕಸುಬಲ್ಲಿ ನೀನೊಬ್ಬನೇ ಕಣೋ.”